ಕೆಂಪು ಪಟ್ಟಿಯ ಗಂಟು

ಟೈಲರಮ್ಮನ ಕಾಲು ಸುಮ್ಮನಿದ್ದದ್ದನ್ನು ಕಂಡವರು ಯಾರೂ ಇಲ್ಲ. ವಾರದಲ್ಲಿ ಆರು ದಿನ ಹೊಲಿಗೆ ಮೆಷಿನ್ನಿನ ಪೆಡಲಿನ ಮೇಲೆ ಕುಣಿಯುತ್ತಿರುತ್ತದೆ. ಬಟ್ಟೆ ಕತ್ತರಿಸಲು ಎದ್ದು ನಿಂತರೆ ಮೇಜಿನ ಕೆಳಗೆ ಹೆಬ್ಬೆರಳು ತಾಳ ಹಾಕುತ್ತದೆ. ಅಳತೆ ಕೊಡಲು ಬಂದವರು ಅತ್ತಿತ್ತ ಅಲ್ಲಾಡಿದರೆ ಗದರುವ ಹೆಂಗಸು, ತಾನು ಮಾತ್ರ ಟೇಪು ಹಿಡಿದು ಅವರನ್ನು ಮೂರು ಸುತ್ತು ಸುತ್ತುತ್ತಾಳೆ. ಮೆಷಿನ್ನಿಗೆ ಮೋಟಾರು ಹಾಕಿಸು, ಕಾಲಿಗೆ ಆರಾಮ ಎಂದು ಮಗಳು ಹೇಳಿ ಹೇಳಿ ಸಾಕಾಗಿದ್ದಳು. ಆರಾಮ ಯಾರಿಗೆ ಬೇಕಿತ್ತು? ಐವತ್ತನಾಲ್ಕು ವರ್ಷವಾದರೂ ಕಾಲಿಗೆ ಚಕ್ರ ಕಟ್ಟಿಕೊಂಡಂತೆ ಓಡಾಡುವವಳು. ಬೀದಿಯವರು ಬೆನ್ನ ಹಿಂದೆ ಅವಳನ್ನು ‘ಚಕ್ರ’ ಎಂದೇ ಕರೆಯುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಆರು ದಿನ ಕುಣಿದ ಕಾಲು ಒಂದು ಗೇಣೂ ಮುಂದೆ ಹೋಗಿರುವುದಿಲ್ಲವಲ್ಲ, ಅದೇ ಅವಳ ಸಂಕಟ. ಅದಕ್ಕೇ ಭಾನುವಾರ ಬಂತೆಂದರೆ ಊರಾಚೆಯ ಗುಡ್ಡ ಹತ್ತಲೇಬೇಕು. ಹನ್ನೊಂದು ವರ್ಷದ ಹಿಂದೆ ಒಬ್ಬಳೇ ಶುರು ಮಾಡಿದ್ದಳು. ಆಮೇಲೆ ಗಂಡ ಜೊತೆಯಾದ, ಗಂಡನ ತಂಗಿ ಸೇರಿಕೊಂಡಳು, ಪಕ್ಕದ ಮನೆಯ ಎಲೆಕ್ಟ್ರಿಷಿಯನ್ನು ಹೊಟ್ಟೆ ಕರಗಿಸುತ್ತೇನೆಂದು ಬಂದ. ಹೊಟ್ಟೆ ಇದ್ದಲ್ಲೇ ಇತ್ತು, ಅವನು ಮಾತ್ರ ಬರುವುದನ್ನು ಬಿಡಲಿಲ್ಲ. ಚೀಲದಲ್ಲಿ ಬ್ರೆಡ್ಡು, ಬೇಯಿಸಿದ ಮೊಟ್ಟೆ, ನೀರು. ಬೆಳಗ್ಗೆ ಆರಕ್ಕೆ ಹೊರಟರೆ ಮಧ್ಯಾಹ್ನದ ಊಟಕ್ಕೆ ವಾಪಸ್ಸು.

ಈ ಗುಂಪಿಗೆ ಒಂದು ಕಟ್ಟಳೆಯಿತ್ತು. ಗುಡ್ಡದ ದಾರಿ ಮೂರು ಕಡೆ ಕವಲೊಡೆಯುತ್ತದೆ. ಮೊದಲ ವರ್ಷವೇ ಎಲೆಕ್ಟ್ರಿಷಿಯನ್ನು ಯಾವುದೋ ಕವಲು ಹಿಡಿದು ಮುಳ್ಳುಪೊದೆಯಲ್ಲಿ ಸಿಕ್ಕಿಕೊಂಡು, ಮಧ್ಯಾಹ್ನದ ಹೊತ್ತಿಗೆ ಹರಿದ ಪ್ಯಾಂಟಿನಲ್ಲಿ ಹೊರಬಂದಿದ್ದ. ಅಂದಿನಿಂದ ಎಲ್ಲರಿಗಿಂತ ಮುಂದೆ ಹೋಗುವ ಟೈಲರಮ್ಮ ಪ್ರತಿ ಕವಲಿನಲ್ಲೂ ಸರಿಯಾದ ದಾರಿಯ ಗಿಡಕ್ಕೆ ಒಂದು ಕೆಂಪು ಪಟ್ಟಿ ಕಟ್ಟಬೇಕು. ಅಂಗಡಿಯಲ್ಲಿ ಲೈನಿಂಗ್ ಬಟ್ಟೆಯ ಚೂರುಗಳಿಗೆ ಬರವೇ? ಎಲ್ಲರಿಗಿಂತ ಹಿಂದೆ ಬರುವವರು ಆ ಪಟ್ಟಿ ಬಿಚ್ಚಿಕೊಂಡು ಬರಬೇಕು. ಪಟ್ಟಿ ಕಾಣದಿದ್ದರೆ ಅಲ್ಲೇ ಕೂರಬೇಕು, ಒಂದು ಹೆಜ್ಜೆಯೂ ಇಡಬಾರದು.

ಹಿಂದೆ ಬರುವವರು ಯಾರು ಎಂದು ಕೇಳುವುದೇ ಬೇಡ. ಟೈಲರಮ್ಮನ ಗಂಡ ಮುದ್ರಣಾಲಯದಲ್ಲಿ ಪ್ರೂಫ್ ರೀಡರ್. ಮೂವತ್ತು ವರ್ಷ ಅಕ್ಷರ ಅಕ್ಷರ ಬಿಡಿಸಿ ಓದಿದವನು ಗುಡ್ಡವನ್ನೂ ಹಾಗೇ ಹತ್ತುತ್ತಿದ್ದ. ಅವನು ತುದಿ ಮುಟ್ಟುವ ಹೊತ್ತಿಗೆ ಉಳಿದವರು ತಿಂದು ಚೀಲ ಕಟ್ಟುತ್ತಿರುತ್ತಿದ್ದರು. ಅವನ ಪಾಲಿನ ಮೊಟ್ಟೆ ಇಳಿಯುವಾಗ ದಾರಿಯಲ್ಲೇ. ನಿಮಗಿಂತ ಬಸವನಹುಳು ವಾಸಿ ಎಂದು ಹೆಂಡತಿ ರೇಗಿಸಿದರೆ ನಕ್ಕು ಸುಮ್ಮನಾಗುತ್ತಿದ್ದ. ಸಂಜೆ ಪಟ್ಟಿಗಳಿಗೆ ಇಸ್ತ್ರಿ ಹಾಕಿ, ಸುರುಳಿ ಸುತ್ತಿ, ಮೆಷಿನ್ನಿನ ಡ್ರಾಯರಿನಲ್ಲಿ ಇಟ್ಟುಬಿಡುತ್ತಿದ್ದ. ಹನ್ನೊಂದು ವರ್ಷ ಹೀಗೇ ನಡೆಯಿತು.

ಆಮೇಲೊಂದು ದಿನ ಮುದ್ರಣಾಲಯದ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಸಿದ. ಪುಣ್ಯಕ್ಕೆ ಹತ್ತು ದಿನದಲ್ಲಿ ಮನೆಗೆ ಬಂದ. ಡಾಕ್ಟರು ನಡೆಯಬೇಡಿ ಎನ್ನಲಿಲ್ಲ, ನಿಧಾನ ನಡೆಯಿರಿ ಎಂದರು. ಅದನ್ನು ಅವನಿಗೆ ಹೊಸದಾಗಿ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಒಬ್ಬನೇ ಹೋಗುವಂತಿಲ್ಲ. ಎದೆ ಹಿಡಿದರೆ ತಕ್ಷಣ ನಾಲಿಗೆಯಡಿ ಇಡಲು ಸಣ್ಣ ಮಾತ್ರೆ ಬರೆದುಕೊಟ್ಟರು.

ಮುಂದಿನ ಆರು ವಾರ ಟೈಲರಮ್ಮ ಮನೆಯಲ್ಲಿ ಬೋನಿಗೆ ಬಿದ್ದ ಹುಲಿಯ ಹಾಗೆ ಶತಪಥ ಹಾಕಿದಳು. ಭಾನುವಾರ ಬೆಳಗ್ಗೆ ಐದಕ್ಕೇ ಎಚ್ಚರ. ಒರೆಸಿದ ನೆಲವನ್ನೇ ಒರೆಸುವುದು, ಕಿಟಕಿಯಲ್ಲಿ ಗುಡ್ಡ ನೋಡುವುದು, ಮತ್ತೆ ಒರೆಸುವುದು. ಗಂಡನ ಮೇಲೆ ಪ್ರೀತಿಯಿರಲಿಲ್ಲವೆಂದಲ್ಲ, ಜೀವವನ್ನೇ ಇಟ್ಟುಕೊಂಡಿದ್ದಳು. ಆದರೆ ಜೀವ ಒಂದು ಕಡೆ, ಕಾಲು ಇನ್ನೊಂದು ಕಡೆ. ಕೊನೆಗೆ ಗಂಡನೇ, ಈ ನೆಲ ಸವೆದು ಕೆಳಗಿನ ಮನೆಯವರ ತಲೆ ಮೇಲೆ ಬೀಳುವ ಮುಂಚೆ ಗುಡ್ಡಕ್ಕೆ ಹೋಗೋಣ ಎಂದ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಮಗಳು ಸುತರಾಂ ಒಪ್ಪಲಿಲ್ಲ. ಅವಳಿಗೆ ಭಾನುವಾರ ಡ್ಯೂಟಿ, ಜೊತೆಗೆ ಬರುವಂತಿಲ್ಲ. ಎರಡು ದಿನ ಮುನಿಸಿಕೊಂಡು, ಮೂರನೆಯ ದಿನ ತಾಯಿಯ ಎರಡೂ ಕೈ ಹಿಡಿದುಕೊಂಡಳು.

“ಅಪ್ಪನ ಪಕ್ಕದಲ್ಲೇ ನಡೀಬೇಕು ಅಮ್ಮ. ಮುಂದೆ ಅಲ್ಲ, ಪಕ್ಕದಲ್ಲಿ. ಮಾತ್ರೆ ನಿನ್ನ ಹತ್ರಾನೇ ಇರಲಿ, ಅವರು ಎಲ್ಲೋ ಇಟ್ಟು ಮರೀತಾರೆ. ಮಾತು ಕೊಡು.”

ಟೈಲರಮ್ಮ ಮಾತು ಕೊಟ್ಟಳು. ಮಾತ್ರೆಯ ಡಬ್ಬಿಯನ್ನು ಸೊಂಟದ ಚೀಲದಲ್ಲಿ, ಕೆಂಪು ಪಟ್ಟಿಗಳ ಜೊತೆಗಿಟ್ಟು ಜಿಪ್ಪು ಎಳೆದಳು. ಆ ಗಳಿಗೆಯಲ್ಲಿ ಅವಳ ಮನಸ್ಸಿನಲ್ಲಿ ಎಳ್ಳಷ್ಟೂ ಮೋಸವಿರಲಿಲ್ಲ.

ಆ ಭಾನುವಾರ ಹಿಂದಿನ ಜಾಗ ಎಲೆಕ್ಟ್ರಿಷಿಯನ್ನಿಗೆ ಬಂತು, ಪಟ್ಟಿ ಬಿಚ್ಚುವ ಕೆಲಸವೂ ಅವನದೇ. ಮಧ್ಯದಲ್ಲಿ ಗಂಡ, ಪಕ್ಕದಲ್ಲಿ ಹೆಂಡತಿ, ಇನ್ನೊಂದು ಪಕ್ಕ ನಾದಿನಿ. ಮೊದಲ ಕವಲಿನಲ್ಲಿ ಪಟ್ಟಿ ಕಟ್ಟುವವರೆಗೆ ಟೈಲರಮ್ಮ ಮಾತು ಉಳಿಸಿಕೊಂಡಳು. ಅಬ್ಬಾ, ಅದೇನು ಸಾಮಾನ್ಯ ಹಿಂಸೆಯೇ! ಅವನು ಒಂದು ಹೆಜ್ಜೆ ಇಡುವಷ್ಟರಲ್ಲಿ ಇವಳು ಇದ್ದಲ್ಲೇ ಮೂರು ಹೆಜ್ಜೆ ತುಳಿಯುತ್ತಿದ್ದಳು. ಅವನು ನಿಂತರೆ ಇವಳು ಅವನನ್ನೇ ಸುತ್ತುತ್ತಿದ್ದಳು. ಅಂಗಾಲಿನಲ್ಲಿ ಇರುವೆ ಹರಿದ ಹಾಗಾಯಿತು.

“ಹೋಗು ಮಾರಾಯ್ತಿ,” ಎಂದ ಗಂಡ. “ನೀನು ಸುತ್ತೋದು ನೋಡಿ ನನಗೆ ತಲೆ ತಿರುಗ್ತಿದೆ. ತಂಗಿ ಇದ್ದಾಳಲ್ಲ.”

ಒಂದು ಸಲ ಹೇಳಿದ್ದೇ ಸಾಕಾಯಿತು. ಬೇಡ ಎನ್ನುವ ಶಾಸ್ತ್ರವನ್ನೂ ಮಾಡದೆ ಹೊರಟುಬಿಟ್ಟಳು. ಕಾಲು ಬಿಚ್ಚಿ ನಡೆದಾಗ ಆರು ವಾರದ ಭಾರ ಇಳಿದುಹೋಯಿತು. ಎರಡನೆಯ ಕವಲಿನಲ್ಲಿ ಸರ್ರನೆ ಪಟ್ಟಿ ಸುತ್ತಿ ಬಿಗಿದಳು, ಮೂರನೆಯದರಲ್ಲಿ ಬಿಗಿದಳು, ಹಿಂದಿರುಗಿ ನೋಡಲಿಲ್ಲ. ತುದಿಯ ಬಂಡೆಯ ಮೇಲೆ ಗಾಳಿಗೆ ಮುಖವೊಡ್ಡಿದಾಗ ಮಾತು ಕೊಟ್ಟದ್ದೂ ನೆನಪಿರಲಿಲ್ಲ, ಸೊಂಟದ ಚೀಲವೂ ನೆನಪಿರಲಿಲ್ಲ.

ಅರ್ಧ ಗಂಟೆ ಬಿಟ್ಟು ನಾದಿನಿ ಬಂದಳು, ಒಬ್ಬಳೇ. ಅಣ್ಣ ಕೆಳಗೊಂದು ಬಂಡೆಯ ಮರೆಯಲ್ಲಿ, ನೆರಳಲ್ಲಿ ಸ್ವಲ್ಪ ಕೂತು ಬರುತ್ತಾನಂತೆ, ಹಿಂದೆ ಎಲೆಕ್ಟ್ರಿಷಿಯನ್ನು ಇದ್ದಾನಲ್ಲ, ನೀನು ನಡಿ ಎಂದನಂತೆ. ಟೈಲರಮ್ಮ ತಲೆಯಾಡಿಸಿ ಬ್ರೆಡ್ಡಿನ ಪೊಟ್ಟಣ ಬಿಚ್ಚಿದಳು. ಇನ್ನು ಹತ್ತು ನಿಮಿಷಕ್ಕೆ ಎಲೆಕ್ಟ್ರಿಷಿಯನ್ನು ಏದುಸಿರು ಬಿಡುತ್ತಾ ಬಂದ. ಅವನೂ ಒಬ್ಬನೇ. ಬಂದವನು ಮೂರು ಕೆಂಪು ಪಟ್ಟಿಗಳನ್ನು ಟೈಲರಮ್ಮನ ಮಡಿಲಿಗೆ ಹಾಕಿ, ಯಜಮಾನರು ಎಲ್ಲಿ, ನಿಮ್ಮ ಜೊತೆ ಇಲ್ಲವೇ ಎಂದು ನಾದಿನಿಯನ್ನು ಕೇಳಿದ. ನಾದಿನಿ ದಡಕ್ಕನೆ ಎದ್ದು ನಿಂತಳು.

ಟೈಲರಮ್ಮ ಪಟ್ಟಿಗಳನ್ನೇ ನೋಡುತ್ತಿದ್ದಳು. ಮೂರೂ ಗಂಟು ಗಂಟಾಗಿಯೇ ಇದ್ದವು. ಗಂಟಿನ ಪಕ್ಕದಲ್ಲಿ ಬಟ್ಟೆ ತುಂಡಾಗಿತ್ತು. ಬಟ್ಟೆಯ ಅಂಚು ನೋಡಿದರೆ ಕತ್ತರಿಯೋ ಚಾಕುವೋ ಎಂದು ಹೇಳಬಲ್ಲ ಕಣ್ಣು ಅವಳದು. ಇದು ಚಾಕು.

“ಯಾಕೆ ಕತ್ತರಿಸಿದಿರಿ?”

“ಇನ್ನೇನು ಮಾಡ್ಲಿ ಅಕ್ಕ? ಉಗುರಲ್ಲಿ ನೋಡ್ದೆ, ಹಲ್ಲಲ್ಲಿ ನೋಡ್ದೆ. ಆ ಗಂಟು ಬಿಚ್ಚೋದು ಮನುಷ್ಯರ ಕೈಲಿ ಆಗೋ ಕೆಲಸ ಅಲ್ಲ. ಕಂಬಕ್ಕೆ ವೈರ್ ಬಿಗಿಯೋ ನಾನೇ ಸೋತೆ.”

ಹನ್ನೊಂದು ವರ್ಷದಲ್ಲಿ ಒಂದೇ ಒಂದು ಪಟ್ಟಿ ಕತ್ತರಿಸಿ ಬಂದಿರಲಿಲ್ಲ. ಅದು ತಲೆಗೆ ಹೊಳೆದದ್ದೂ, ಕೈ ಸೊಂಟದ ಚೀಲ ಮುಟ್ಟಿದ್ದೂ, ಒಳಗೆ ಮಾತ್ರೆಯ ಡಬ್ಬಿ ಗಲಗಲ ಅಂದದ್ದೂ ಒಂದೇ ಸಲಕ್ಕೆ. ಬ್ರೆಡ್ಡು ಎಲ್ಲಿ ಬಿತ್ತೋ, ನಾದಿನಿ ಏನು ಕೂಗಿದಳೋ, ಟೈಲರಮ್ಮ ಆಗಲೇ ಇಳಿಜಾರಿನಲ್ಲಿದ್ದಳು.

ಓಡುವುದು ಅವಳಿಗೆ ಹೊಸದಲ್ಲ, ಆದರೆ ಹೆದರಿಕೊಂಡು ಓಡಿದ್ದು ಇದೇ ಮೊದಲು. ಮೂರನೆಯ ಕವಲು ಬಂತು, ಖಾಲಿ. ಹೆಸರು ಹಿಡಿದು ಕರೆದು ಅಭ್ಯಾಸವಿಲ್ಲ. “ರೀ” ಎಂದಳು. ಮತ್ತೆ ಮತ್ತೆ ಎಂದಳು. ಪಟ್ಟಿಯೇ ಇಲ್ಲದ ಕವಲಿನಲ್ಲಿ ಅವನು ಯಾವ ದಾರಿ ಹಿಡಿದನೋ, ಮುಳ್ಳಿನಲ್ಲಿ ಸಿಕ್ಕಿಕೊಂಡನೋ, ಎದೆ ಹಿಡಿದುಕೊಂಡು ಎಲ್ಲಿ ಬಿದ್ದಿದ್ದಾನೋ. ಮಗಳಿಗೆ ಯಾವ ಬಾಯಲ್ಲಿ ಹೇಳುವುದು? ಹಾಳು ಕಾಲು, ಮುರಿದು ಮೂಲೆಗೆ ಹಾಕಬೇಕು ಎಂದು ತನ್ನನ್ನೇ ಬೈದುಕೊಳ್ಳುತ್ತಾ, ಬೈಗುಳದ ತಾಳಕ್ಕೇ ಓಡಿದಳು.

ಎರಡನೆಯ ಕವಲಿನಲ್ಲಿ ಬಂಡೆಯ ಬುಡಕ್ಕೆ ಗಂಡನ ಶೂಗಳು ಕಂಡವು. ಜೋಡಿಸಿಟ್ಟ ಖಾಲಿ ಶೂಗಳು. ಬಂಡೆಯ ಆಚೆಗೆ ಹೋಗಲು ಆರೇಳು ಹೆಜ್ಜೆ, ಅಷ್ಟನ್ನು ಇಡಲು ಆ ಕಾಲು ಕೇಳಲಿಲ್ಲ.

ಬಂಡೆಯ ಆಚೆ ನೆರಳಿನಲ್ಲಿ ಅವನು ಬರಿಗಾಲು ಚಾಚಿ, ಕಲ್ಲಿಗೊರಗಿ ಕೂತಿದ್ದ. ಕಣ್ಣು ತೆರೆದಿತ್ತು.

“ಪಟ್ಟಿ ಇರಲಿಲ್ಲ. ಅದಕ್ಕೇ ಕೂತೆ,” ಎಂದ, ತಪ್ಪು ಮಾಡಿದವನ ಹಾಗೆ. ಕೆಳಗಿನ ಬಂಡೆಯ ಮರೆಯಲ್ಲಿ ಕೂತಿದ್ದಾಗಲೇ ಎಲೆಕ್ಟ್ರಿಷಿಯನ್ನು ಕಾಣದೆ ದಾಟಿ ಹೋಗಿದ್ದನಂತೆ, ಎದ್ದು ಇಲ್ಲಿಗೆ ಹತ್ತುವಾಗ ಸ್ವಲ್ಪ ಎದೆ ಹಿಡಿದ ಹಾಗಾಗಿತ್ತಂತೆ, ಕೂತ ಮೇಲೆ ಬಿಟ್ಟಿತಂತೆ. ಅವಳು ಕರೆದದ್ದು ಕೇಳಿಸಿತ್ತು, ಓಗೊಡುವಷ್ಟು ಉಸಿರು ಇರಲಿಲ್ಲವಂತೆ.

ಟೈಲರಮ್ಮ ಅವನ ಮುಂದೆ ಕುಸಿದು ಕೂತು ಗಳಗಳ ಅತ್ತಳು. ಅತ್ತುಕೊಂಡೇ ಮಾತ್ರೆಯ ಡಬ್ಬಿ ತೆಗೆದು ಅವನ ಜೇಬಿಗೆ ತುರುಕಿದಳು, ಮತ್ತೆ ಕಿತ್ತು ತನ್ನ ಚೀಲಕ್ಕೆ ಹಾಕಿಕೊಂಡಳು, ಎಲ್ಲಿಡುವುದೆಂದು ತಿಳಿಯದೆ ಕೊನೆಗೆ ಕೈಯಲ್ಲೇ ಹಿಡಿದಳು. ಅವನು ಅವಳ ಬೆನ್ನು ಸವರುತ್ತಿದ್ದ. ಆ ಬೆರಳುಗಳನ್ನು ಅವಳು ಹಿಡಿದು ನೋಡಿದಳು. ಹೆಬ್ಬೆರಳಿನ ಉಗುರು ಮೊಂಡಾಗಿ, ತುದಿ ಒಡೆದಿತ್ತು. ಅದು ಯಾವಾಗಿನಿಂದ ಹಾಗಿದೆಯೋ ಅವಳಿಗೆ ಗೊತ್ತಿರಲಿಲ್ಲ.

“ಆ ಗಂಟು ಬಿಚ್ಚೋಕೆ ಎಷ್ಟು ಹೊತ್ತಾಗ್ತಿತ್ತು ನಿಮಗೆ?”

“ಒಂದೊಂದಕ್ಕೆ ಹತ್ತು ನಿಮಿಷ. ಮಳೆ ಬಿದ್ದಿದ್ರೆ ಹದಿನೈದು.”

“ಕತ್ತರಿಸಬಾರದಿತ್ತಾ?”

“ಮುಂದಿನ ವಾರಕ್ಕೆ ನಿನಗೆ ಬೇಕಾಗತ್ತಲ್ಲ.”

“ಇಷ್ಟು ಬಿಗಿಯಾಗಿ ಕಟ್ಟಬೇಡ ಅಂತ ಒಂದು ಮಾತು ಹೇಳೋಕೇನಾಗಿತ್ತು ರೀ?”

ಅವನು ಸಿಟ್ಟಿನಿಂದ ಹೇಳಲಿಲ್ಲ. ಪ್ರೂಫಿನಲ್ಲಿ ಕಂಡ ತಪ್ಪು ತೋರಿಸುವಷ್ಟೇ ಮೆಲ್ಲಗೆ ಹೇಳಿದ.

“ಹೇಳೋಣ ಅಂದ್ಕೊಳ್ತಿದ್ದೆ. ನೀನು ಹತ್ರ ಎಲ್ಲಿರ್ತಿದ್ದೆ?”

ಸಂಜೆ ಮನೆಯಲ್ಲಿ ಹೇಳಬಹುದಿತ್ತಲ್ಲ ಎನ್ನಲು ಬಾಯಿ ತೆರೆದಳು. ಸಂಜೆಯೂ ತಾನು ಮನೆಯಲ್ಲಿ ನಿಲ್ಲದೆ ಬೀದಿ ಸುತ್ತುತ್ತಿದ್ದದ್ದು ನೆನೆದು ಮುಚ್ಚಿದಳು.

ನಾದಿನಿ, ಎಲೆಕ್ಟ್ರಿಷಿಯನ್ನು ಇಬ್ಬರೂ ಬಂದು ಸೇರಿದ ಮೇಲೆ ಮೆಲ್ಲಗೆ ಇಳಿದರು. ಟೈಲರಮ್ಮ ಗಂಡನ ಪಕ್ಕದಲ್ಲೇ ಇದ್ದಳು. ಅಂಗಾಲಿನ ಇರುವೆಗಳು ಎಲ್ಲಿಗೂ ಹೋಗಿರಲಿಲ್ಲ. ಅವನು ನಿಂತಾಗ ಅವಳೂ ನಿಂತಳು, ಹಲ್ಲು ಕಚ್ಚಿ ನಿಂತಳು, ಹೆಬ್ಬೆರಳು ಶೂವಿನೊಳಗೇ ಕುಣಿಯಿತು.

ಮೊದಲ ಕವಲಿಗೆ ಬಂದಾಗ ಚೀಲದಿಂದ ಹೊಸದೊಂದು ಪಟ್ಟಿ ತೆಗೆದಳು. ಇಳಿಯುವಾಗ ಪಟ್ಟಿ ಯಾಕಕ್ಕ ಎಂದ ಎಲೆಕ್ಟ್ರಿಷಿಯನ್ನು. ಅವಳು ಅದನ್ನು ಗಿಡಕ್ಕೆ ಸುತ್ತಿ, ಎಳೆದರೆ ಬಿಚ್ಚಿಕೊಳ್ಳುವ ಹಾಗೆ ಒಂದು ಸರಗಂಟು ಹಾಕಿ ನಾಲ್ಕು ಹೆಜ್ಜೆ ಮುಂದೆ ಹೋದಳು. ಗಂಡ ಬಂದು ತುದಿ ಹಿಡಿದು ಎಳೆದ. ಪಟ್ಟಿ ಅವನ ಕೈಗೆ ಬಂತು. ಅವಳಿನ್ನೂ ಕೈಗೆಟುಕುವಷ್ಟು ದೂರದಲ್ಲೇ ಇದ್ದಳು.