ಒಳಮುಖದ ಎರಡು ಫ್ಯಾನು

ಮೊನ್ನೆ ಸವಣೂರಿನ ಒಂದು ಶಾಲೆಯ ಆಫೀಸಿನಲ್ಲಿ ಪುಟ್ಟ ಕಂಪ್ಯೂಟರ್ ಡಬ್ಬಿಯೊಂದರ ಬೆನ್ನಿಗೆ ಅಂಗೈ ಹಿಡಿದೆ. ಬೆಚ್ಚಗಿನ ಗಾಳಿ ಬಂದು ತಾಗಿತು. ನನ್ನನ್ನು ಕರೆಸಿದ್ದು ಕೀಬೋರ್ಡು ಕೆಟ್ಟಿದೆ ಎಂದು. ಫ್ಯಾನಿನ ಉಸಾಬರಿ ನನಗೆ ಬೇಕಿರಲಿಲ್ಲ. ಆದರೂ ಹಳೇ ಚಟ, ಏನು ಮಾಡುವುದು. ಪರವೂರಿಗೆ ಹೋದವರು ಗುಡಿ ನೋಡುತ್ತಾರೆ, ನಾನು ಕಂಪ್ಯೂಟರಿನ ಬೆನ್ನು ನೋಡುತ್ತೇನೆ. ಪಕ್ಕದ ತಗಡು ಬಿಚ್ಚಿದರೆ ಒಳಗೆ ವೈರುಗಳನ್ನೆಲ್ಲ ಹೂ ಕಟ್ಟುವ ದಾರದಿಂದ ಬಿಗಿದು, ಮೂಲೆಗೆ ಸರಿಸಿ, ನಡುವೆ ಗಾಳಿ ಹಾಯಲು ಹಾದಿ ಬಿಟ್ಟಿತ್ತು. ಯಾರ ಕೆಲಸವೆಂದು ನೋಡಿದ ಕೂಡಲೇ ತಿಳಿಯಿತು.

"ಯಾರ ಮಾಡಿಕೊಟ್ರೋ ಏನೋ ಸರ, ಏಳು ಬ್ಯಾಸಗಿ ಆತು. ಒಮ್ಮೆನೂ ಬಂದ್ ಬಿದ್ದಿಲ್ಲ," ಎಂದರು ಅಲ್ಲಿನ ಕ್ಲರ್ಕು.

ನಾನು ಬರೀ ಹ್ಞೂಂಗುಟ್ಟಿದೆ. ಮಾಡಿಕೊಟ್ಟವರ ಹೆಸರು ನಾಲಿಗೆಯ ತುದಿಯಲ್ಲೇ ಇತ್ತು, ಹೇಳುವ ಮುಖ ನನಗಿರಲಿಲ್ಲ. ಅವರು ಫಕೀರಣ್ಣ. ಹಾನಗಲ್ಲಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಾವಿಬ್ಬರೂ ಕೂಡಿ ರಿಪೇರಿ ಅಂಗಡಿ ನಡೆಸುತ್ತಿದ್ದೆವು. ನನಗಿಂತ ಹದಿನೈದು ವರ್ಷ ಹಿರಿಯರು. ರೇಡಿಯೋ ಬಿಚ್ಚುತ್ತ ಟೀವಿಗೆ ಬಂದು, ಟೀವಿ ಬಿಚ್ಚುತ್ತ ಕಂಪ್ಯೂಟರಿಗೆ ಬಂದವರು. ನನ್ನ ಹತ್ತಿರ ಸರ್ಟಿಫಿಕೇಟು ಇತ್ತು. ಅದಕ್ಕೆ ಗಾಜು ಹಾಕಿಸಿ ಗೋಡೆಗೆ ನೇತುಹಾಕಿದ್ದೆ. ಕೆಲಸವನ್ನೆಲ್ಲ ಅದರ ಕೆಳಗೆ ಕುಳಿತು ಅವರಿಂದ ಕಲಿತೆ.

ಈ ಸಣ್ಣ ಡಬ್ಬಿಗಳ ಕಾಟ ನಿಮಗೆ ಗೊತ್ತೋ ಇಲ್ಲವೋ. ದೊಡ್ಡ ಡಬ್ಬಿಯಾದರೆ ಫ್ಯಾನು ಹೇಗೆ ಕೂರಿಸಿದರೂ ಹೇಗೋ ನಡೆದುಹೋಗುತ್ತದೆ. ಸಣ್ಣದರಲ್ಲಿ ಅಂಗುಲಕ್ಕೊಂದು ಸಾಮಾನು. ತಪ್ಪಿದರೆ ಬಿಸಿ ಗಾಳಿ ಒಳಗೊಳಗೇ ಸುತ್ತುತ್ತದೆ. ಮೇಲಿಂದ ನಮ್ಮ ಜನ ಅದನ್ನು ಗೋಡೆಯ ಮಾಡದಲ್ಲಿ ತುರುಕಿ, ಧೂಳು ಕೂಡುತ್ತದೆಂದು ಜರಿ ಅಂಚಿನ ಮುಸುಕು ಹೊಲಿದು ಹೊದಿಸುತ್ತಾರೆ. ಬೇಸಿಗೆಯಲ್ಲಿ ಅದು ಕೆಟ್ಟು ನಿಂತರೆ ನಮ್ಮನ್ನು ಬೈಯುತ್ತಾರೆ.

"ಮುಂದ ತಂಪು ತಗೋಬೇಕು, ಹಿಂದ ಬಿಸಿ ಬಿಡಬೇಕು. ಇಷ್ಟ ತಮ್ಮಾ. ಇದಕ್ಕೇನು ಕಾಲೇಜ್ ಬೇಕೇನು?" ಎನ್ನುತ್ತ ಫಕೀರಣ್ಣ ನನ್ನ ಗಾಜಿನ ಸರ್ಟಿಫಿಕೇಟಿನ ಕಡೆ ಕಣ್ಣು ಹಾಯಿಸುತ್ತಿದ್ದರು. ಫ್ಯಾನಿನ ಯಾವ ಮಗ್ಗುಲು ಗಾಳಿ ಎಳೆಯುತ್ತದೆ, ಯಾವುದು ದೂಡುತ್ತದೆ ಎಂಬುದು ನೋಡಿದರೆ ತಿಳಿಯುತ್ತದೆ: ಅಡ್ಡಪಟ್ಟಿ ಇದ್ದ ಕಡೆ ಗಾಳಿ ಹೊರಗೆ. ಆದರೆ ಅವರಿಗೆ ಅಷ್ಟು ಸಾಲದು. ಡಬ್ಬಿ ಮುಚ್ಚುವ ಮೊದಲು ಒಂದು ಊದಿನಕಡ್ಡಿ ಹಚ್ಚಿ ಮುಂದೆ ಹಿಡಿಯುವರು, ಹೊಗೆ ಒಳಗೆ ಹೋಗಬೇಕು. ಹಿಂದೆ ಹಿಡಿಯುವರು, ಹೊಗೆ ಆಚೆ ಹಾರಬೇಕು. ಹಾರಿದ ಮೇಲೇ ಸ್ಕ್ರೂ. ಗಿರಾಕಿ ಬಾಗಿಲಲ್ಲಿ ನಿಂತು ಗಡಿಬಿಡಿ ಮಾಡಿದರೂ ಅಷ್ಟೇ. "ಇದೇನ್ರಿ ಅಣ್ಣಾ, ಅಂಗಡಿನೋ ಮಠಾನೋ?" ಎಂದು ನಾನು ರೇಗುತ್ತಿದ್ದೆ.

ಹತ್ತಿಮತ್ತೂರಿನ ಗಿರಿಜಕ್ಕನ ಡಬ್ಬಿ ಬಂದದ್ದು ಐದು ವರ್ಷದ ಹಿಂದೆ, ಮಹಾನವಮಿಯ ಹೊತ್ತಿಗೆ. ಗಿರಿಜಕ್ಕ ಕಸೂತಿಯವರು. ಹಳೇ ಇಳಕಲ್ ಸೀರೆಗಳ ಗೋಪುರ, ತೇರು, ಆನೆಗಳನ್ನೆಲ್ಲ ಎಳೆ ಎಣಿಸಿ ಕಂಪ್ಯೂಟರಿನಲ್ಲಿ ಮೂಡಿಸಿ ಇಟ್ಟಿದ್ದರು. ಮೂರು ವರ್ಷದ ಕೆಲಸ, ಇನ್ನೆಲ್ಲೂ ಪ್ರತಿ ಇರಲಿಲ್ಲ. ಡಬ್ಬಿ ಕಾದು ಬಿಸಿಯಾಗುತ್ತದೆ ಎಂದು ತಂದುಕೊಟ್ಟಿದ್ದರು. ಫಕೀರಣ್ಣ ಮುಂದೊಂದು ಹಿಂದೊಂದು ಫ್ಯಾನು ಕೂರಿಸಿ, ಹೊಗೆ ನೋಡಿ, ಮುಚ್ಚಿಟ್ಟು ಮನೆಗೆ ಹೋದರು.

ಮರುದಿನ ಖಂಡೇಪೂಜೆ, ಅಂದರೆ ಆಯುಧಪೂಜೆ. ನಮ್ಮಲ್ಲಿ ಆ ದಿನ ಸಾಮಾನುಗಳನ್ನೆಲ್ಲ ತೊಳೆದು, ಮಣೆಯ ಮೇಲಿಟ್ಟು, ವಿಭೂತಿ ಕುಂಕುಮ ಹಚ್ಚಿದರೆ ಮುಗಿಯಿತು. ಮರುದಿನ ದಸರೆಗೆ ಬನ್ನಿ ಎಲೆ ಕೊಡುವತನಕ ಯಾರೂ ಮುಟ್ಟುವಂತಿಲ್ಲ. ಫಕೀರಣ್ಣ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಪೂಜೆ ಮುಗಿಸಿ ಅವರು ಹೋದರು. ಸಂಜೆ ಗಿರಿಜಕ್ಕನ ತಮ್ಮ ಬಂದು ಡಬ್ಬಿ ಒಯ್ಯುವವನಿದ್ದ. ನಾನೊಬ್ಬನೇ ಕುಳಿತಿದ್ದೆ, ಕೈಗೆ ಕೆಲಸವಿಲ್ಲ, ತಲೆಗೆ ಬುದ್ಧಿಯಿಲ್ಲ. ಒಂದು ಫ್ಯಾನು ತಂಪು ತಂದರೆ ಇಷ್ಟು, ಎರಡೂ ತಂದರೆ ಅದರ ಇಮ್ಮಡಿಯಲ್ಲವೇ ಎಂದು ಹೊಳೆಯಿತು. ಮುದುಕರಿಗೆ ಇದು ಯಾಕೆ ತೋಚಲಿಲ್ಲವೋ ಎಂದು ಒಳಗೊಳಗೇ ನಕ್ಕೆ. ಸ್ಕ್ರೂಡ್ರೈವರ್ ಕುಂಕುಮ ಹಚ್ಚಿಕೊಂಡು ಮಣೆಯ ಮೇಲೆ ಕುಳಿತಿತ್ತು, ಅದನ್ನು ಮುಟ್ಟಲು ಮಾತ್ರ ಧೈರ್ಯವಾಗಲಿಲ್ಲ. ಕಾಯಿ ಹೋಳು ಮಾಡಿದ ಚಾಕುವಿನ ತುದಿಯಿಂದ ಸ್ಕ್ರೂ ಬಿಚ್ಚಿ, ಹಿಂದಿನ ಫ್ಯಾನನ್ನು ತಿರುಗಿಸಿ ಒಳಮುಖ ಮಾಡಿ ಕೂರಿಸಿದೆ. ಊದಿನಕಡ್ಡಿ ಎದುರಿಗೇ ಉರಿಯುತ್ತಿತ್ತು, ಆದರೂ ಹಿಡಿದು ನೋಡಲಿಲ್ಲ.

ಚಳಿಗಾಲ ಹೇಗೋ ಸಾಗಿತು. ಮಾರ್ಚಿನಲ್ಲಿ ಗಿರಿಜಕ್ಕ ಡಬ್ಬಿಯನ್ನು ಸೀರೆಯ ಗಂಟಿನಲ್ಲಿ ಕಟ್ಟಿಕೊಂಡು ಬಂದರು. ಡಿಸ್ಕು ಕಾದು ಕಾದು ಸತ್ತಿತ್ತು. ಮೂರು ವರ್ಷದ ಕಸೂತಿಯಲ್ಲಿ ಒಂದು ಎಳೆಯೂ ಉಳಿದಿರಲಿಲ್ಲ. ಫಕೀರಣ್ಣ ಊದಿನಕಡ್ಡಿ ಹಚ್ಚಿ ಮುಂದೆ ಹಿಡಿದರು, ಹೊಗೆ ಒಳಗೆ ಹೋಯಿತು. ಹಿಂದೆ ಹಿಡಿದರು, ಅಲ್ಲಿಯೂ ಒಳಗೇ ಹೋಯಿತು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಹಿಡಿದರು.

"ಇದನ್ನ ಮುಚ್ಚಿದಾಂವ ನಾನ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ತಮ್ಮಾ, ನೀ ಏನರ ಮುಟ್ಟಿದ್ದೇನು?"

"ಖಂಡೇ ಪೂಜಿ ದಿನಾ ಯಾರರ ಮುಟ್ಟತಾರೇನ್ರಿ ಅಣ್ಣಾ?" ಎಂದೆ.

ನೋಡಿ, ನಾನು ಸುಳ್ಳು ಕೂಡ ನೆಟ್ಟಗೆ ಹೇಳಲಿಲ್ಲ. ಒಂದು ಪ್ರಶ್ನೆ ಕೇಳಿ ಜಾರಿಕೊಂಡೆ. ಗಿರಿಜಕ್ಕ ಎದುರಿಗಿದ್ದರು, ಓಣಿಯ ನಾಲ್ಕು ಜನ ಬಾಗಿಲಲ್ಲಿದ್ದರು, ನನಗೆ ಹೆದರಿಕೆಯಾಯಿತು. ಹೇಡಿ ನಾನು. ಅದಕ್ಕೆ ಬೇರೆ ಹೆಸರಿಲ್ಲ.

"ಕಣ್ಣ ಕಾಣದಿದ್ರ ಕೆಲಸಾ ಯಾಕ ಹಿಡೀತೀರಿ ಅಣ್ಣಾರ?" ಎಂದು ಗಿರಿಜಕ್ಕ ಅತ್ತರು. ಫಕೀರಣ್ಣನಿಗೆ ಅದರ ಮುಂಚಿನ ವರ್ಷವಷ್ಟೇ ಒಂದು ಕಣ್ಣಿನ ಪೊರೆ ತೆಗೆದಿದ್ದರು. ಅವರು ನನ್ನ ಮೇಲೆ ಸಂಶಯಪಟ್ಟು ಎರಡೇಟು ಹಾಕಿದ್ದರೆ ಒಳ್ಳೆಯದಿತ್ತು. ಅವರು ಸಂಶಯಪಟ್ಟದ್ದು ತಮ್ಮ ಮೇಲೆ. ಮಾರನೇ ವಾರದಿಂದ ಒಂದೊಂದು ಡಬ್ಬಿಗೂ ನಾಲ್ಕು ನಾಲ್ಕು ಸಲ ಹೊಗೆ ಹಿಡಿಯತೊಡಗಿದರು, ಮುಚ್ಚಿದ್ದನ್ನು ಮತ್ತೆ ಬಿಚ್ಚತೊಡಗಿದರು. ಒಂದು ದಿನ "ಕೈ ಕಣ್ಣು ಎರಡೂ ನಂಬಂಗಿಲ್ಲೋ ತಮ್ಮಾ, ನೀನ ನಡಸು," ಎಂದು ಹಿರೇಕೆರೂರಿನ ಮಗಳ ಮನೆಗೆ ಹೊರಟರು. ಬಸ್ಸಿಗೆ ಹತ್ತಿಸಿ ಬಂದವನು ನಾನೇ. ಆಗಲೂ ಹೇಳಬಹುದಿತ್ತು.

ಅಂಗಡಿ ನನ್ನದಾಯಿತು. ಅಂದಿನಿಂದ ಈ ನಾಲ್ಕು ತಾಲೂಕು ತಿರುಗಿ ಡಬ್ಬಿ ಬಿಚ್ಚುತ್ತಿದ್ದೇನೆ, ಸೊಂಟ ಹೋಗಿದೆ, ಉಮೇದು ಯಾವಾಗ ಹೋಯಿತೋ ಗೊತ್ತಿಲ್ಲ. ದಣಿವು ಕೆಲಸದ್ದೆಂದು ನಾನು ಹೆಂಡತಿಗೆ ಹೇಳುತ್ತ ಬಂದೆ. ಸವಣೂರಿನ ಆ ಡಬ್ಬಿಗೆ ಕೈ ಹಿಡಿದ ಮೇಲೆ ಹಾಗೆ ಹೇಳಲು ಆಗಲಿಲ್ಲ. ಇವತ್ತು ಬೆಳಿಗ್ಗೆ ಹಿರೇಕೆರೂರಿಗೆ ಹೋದೆ.

ಫಕೀರಣ್ಣ ಪಡಸಾಲೆಯಲ್ಲಿ ಕುಳಿತಿದ್ದರು. ಬಹಳ ಇಳಿದುಹೋಗಿದ್ದರು. "ಬಾ ತಮ್ಮಾ, ಕುಂದರು," ಎಂದು ಮಗಳು ಶೈಲಾಳನ್ನು ಚಹಾಕ್ಕೆ ಕೂಗಿದರು. ಚಹಾ ಬಂದರೆ ಬಾಯಿ ಕಟ್ಟುತ್ತದೆಂದು ಹೆದರಿ ನಿಂತಲ್ಲೇ ಹೇಳಿಬಿಟ್ಟೆ: ಚಾಕು, ಹಿಂದಿನ ಫ್ಯಾನು, ಎಲ್ಲ.

ಅವರು ಎರಡೂ ಕೈ ಮುಂದೆ ಚಾಚಿ, ಹಿಂದೆ ಮುಂದೆ ಮಾಡಿ ನೋಡಿಕೊಂಡರು.

"ಐದು ವರ್ಷ ಆತಲೇ," ಎಂದರು. "ಮನ್ಯಾಗ ಒಂದು ಬಲ್ಬ್ ಹ್ವಾದ್ರ ಮಗಳು ಸ್ಟೂಲ್ ಹತ್ತತಾಳ. ನಾ ಕೆಳಗ ನಿಂತು ನೋಡ್ತೇನಿ. ನಾ ಹಾಕಿದ್ರ ಏನರ ಸುಟ್ಟೀತು ಅಂತ. ಐದು ವರ್ಷ!"

"ತಪ್ಪಾತ್ರಿ ಅಣ್ಣಾ."

"ತಪ್ಪಂತ, ತಪ್ಪು! ಗಿರಿಜಕ್ಕಗ ಹೇಳಿದೇನು?"

"ಇಲ್ರಿ."

"ಹಂಗಾರ ಇಲ್ಲ್ಯಾಕ ನಿಂತಿ? ನಡೀ ಮೊದಲ."

ಚಹಾ ಕುಡಿ ಎನ್ನಲಿಲ್ಲ. ನಾನು ಹೊಸ್ತಿಲು ದಾಟುವಾಗ, "ಏ, ಆ ಚೀಲಾ ಇಟ್ಟು ಹೋಗು," ಎಂದರು. ರಿಪೇರಿ ಸಾಮಾನಿನ ಚೀಲ ಹೆಗಲಲ್ಲೇ ಇತ್ತು. ಇಟ್ಟೆ. ಮೆಟ್ಟಿಲು ಇಳಿಯುತ್ತಿದ್ದಂತೆ ಒಳಗಿಂದ ದೊಡ್ಡ ದನಿ ಕೇಳಿತು: "ಶೈಲಾ, ಆ ಕೆಟ್ಟ ಮಿಕ್ಸರ್ ಎಲ್ಲಿ ಇಟ್ಟೀಯವ್ವಾ? ತಾ ಇಲ್ಲೆ!" ಬೀದಿಯಲ್ಲಿ ನಿಂತು ಅತ್ತೆ. ನಾಚಿಕೆಯಾಗಲಿಲ್ಲ.

ಈಗ ಹಾವೇರಿಯ ಬಸ್ಸಿನಲ್ಲಿದ್ದೇನೆ. ಅಲ್ಲಿ ಇಳಿದು ಹತ್ತಿಮತ್ತೂರಿನ ಬಸ್ಸು ಹಿಡಿಯಬೇಕು. ಗಿರಿಜಕ್ಕ ಏನೆನ್ನುತ್ತಾರೋ ಗೊತ್ತಿಲ್ಲ, ಬೈದರೆ ಬೈಸಿಕೊಳ್ಳುವುದು. ಹತ್ತಿಮತ್ತೂರಿಗೆ ಮುಂದಿನ ಬಸ್ಸು ಎಷ್ಟಕ್ಕೆ ಎಂದು ಕಂಡಕ್ಟರನ್ನು ಎರಡನೇ ಸಲ ಕೇಳಿದೆ.

"ಅಷ್ಟು ಅರ್ಜೆಂಟ್ ಐತೇನ್ರಿ?" ಎಂದ.

"ಹೌದ್ರಿ," ಎಂದೆ, "ಐದು ವರ್ಷ ತಡಾ ಆಗೇತಿ."