ಗಟ್ಟಿಮೇಳಕ್ಕೆ ಎತ್ತದ ಕೈ

ದೊಡ್ಡೇರಿಯ ದೇವರಾಜುವಿಗೆ ಐವತ್ತಮೂರು ವರ್ಷದವರೆಗೆ ಯಾರನ್ನು ಕಂಡೂ ಹೊಟ್ಟೆಕಿಚ್ಚು ಪಡುವ ಅಗತ್ಯ ಬಿದ್ದಿರಲಿಲ್ಲ. ಮಧುಗಿರಿ, ಶಿರಾ ಕಡೆ ಮದುವೆಯೆಂದರೆ ಅವನ ನಾದಸ್ವರವೇ. ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರು ‘ಗಟ್ಟಿಮೇಳ’ ಎಂದರೆ ಸಾಕು, ಸೀನು, ಕೆಮ್ಮು, ಕೆಟ್ಟ ಮಾತು ಯಾವುದೂ ಮದುಮಗಳ ಕಿವಿಗೆ ಬೀಳದಂತೆ ಅವನ ಉಸಿರು ಛತ್ರವನ್ನು ತುಂಬುತ್ತಿತ್ತು. ಮೂರು ಗಂಟು ಬೀಳುವವರೆಗೆ ಅಲ್ಲಿ ಅವನೇ ದೊಡ್ಡವನು.

ಆಮೇಲೆ ‘ಕರಿಬಂಡೆ’ ಬಂತು. ಮಧುಗಿರಿಯ ನಾಲ್ವರು ಹುಡುಗರ ರಾಕ್ ಬ್ಯಾಂಡು. ಮೂರು ಗಿಟಾರು, ಒಂದು ಡ್ರಮ್ ಸೆಟ್ಟು, ನಾಲ್ಕು ಕಪ್ಪು ಟೀ ಶರ್ಟು. ಕೊರಟಗೆರೆಯ ಒಂದು ಸಮಾರಂಭದಲ್ಲಿ ಎರಡನೆಯ ಹಾಡಿಗೇ ಮೈಕಿನವನು ವೈರು ಕಿತ್ತಿದ್ದ. ಪಾವಗಡದಲ್ಲಿ ಜನ ತೆಲುಗಿನಲ್ಲಿ ‘ಆಪಂಡ್ರಾ ಸಾಮಿ’ ಎಂದು ಕೈಮುಗಿದು ನಿಲ್ಲಿಸಿದ್ದರು.

ಅವರನ್ನು ಮೇಲೆತ್ತಿದವನು ದೇವರಾಜುವೇ. ಒಂದೇ ಬೆಳಿಗ್ಗೆ ಶಿರಾದಲ್ಲೊಂದು, ಮಧುಗಿರಿಯಲ್ಲೊಂದು ಮುಹೂರ್ತ ಒಪ್ಪಿಕೊಂಡು ಎರಡನೆಯದಕ್ಕೆ ತಡಮಾಡಿದ. ಹಿಂದಿನ ಸಂಜೆ ಆರತಕ್ಷತೆಯಲ್ಲಿ ಯಾರೂ ಕೇಳದ ಹಾಡು ಹಾಡಿ, ಮದುವೆ ಊಟಕ್ಕೆಂದು ಉಳಿದಿದ್ದ ಹುಡುಗರು ಪುರೋಹಿತರ ಕೂಗಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ಬಡಿದರು. ದೇವರಾಜು ಬಾಗಿಲಿಗೆ ಬಂದಾಗ ಛತ್ರದ ಗಾಜು ನಡುಗುತ್ತಿತ್ತು, ನೂರು ಫೋನುಗಳು ಮೇಲೆದ್ದಿದ್ದವು. ವಾರದೊಳಗೆ ಮಧುಗಿರಿಯ ಸರ್ಕಲ್ಲಿನಲ್ಲಿ ‘ರಾಕ್ ಗಟ್ಟಿಮೇಳ’ದ ಫ್ಲೆಕ್ಸ್ ಎದ್ದಿತು.

ಅಂದಿನಿಂದ ಅವನು ಸರ್ಕಲ್ ಬಿಟ್ಟು ಸುತ್ತುಬಳಸಿ ಓಡಾಡಿದ. ಆದರೂ ಮನೆಯಲ್ಲಿ ಕೂತು, ಎಲ್ಲಿ ಶ್ರುತಿ ತಪ್ಪಿದೆಯೆಂದು ಹುಡುಕಲು ಫೋನಿನಲ್ಲಿ ಆ ಮದುವೆಯ ವಿಡಿಯೋವನ್ನೇ ಮತ್ತೆ ಮತ್ತೆ ನೋಡುತ್ತಿದ್ದ.

“ಇನ್ನೆಷ್ಟು ಸಲ ನೋಡ್ತೀಯ?” ಎಂದಳು ಹೆಂಡತಿ ಲಕ್ಷ್ಮೀದೇವಿ. “ನೀ ನೋಡ್ದಂಗೆಲ್ಲಾ ಅವ್ರ ನಂಬರ್ ಏರ್ತದೆ ಕಣಯ್ಯ.”

ಒಂದು ದಿನ ಬ್ಯಾಂಡಿನ ಮುಖ್ಯಸ್ಥ ಅನಿಲ್ ಕುಮಾರನೇ ಬಾಗಿಲಿಗೆ ಬಂದ.

“ದೇವರಾಜಣ್ಣ, ಐ.ಡಿ.ಹಳ್ಳಿ ಮದ್ವೇಲಿ ಪುರೋಹಿತ್ರು ಹೂವ ಕೊಡಿ ಅಂತ ಕೈ ಎತ್ತಿದ್ರು, ಗಟ್ಟಿಮೇಳಕ್ಕೇ ಅಂದ್ಕಂಡು ನಾವು ಬಾರಿಸ್ಬುಟ್ವಿ. ಗಂಡು ಬೆದ್ರಿ ತಾಳಿನೇ ಬೀಳಿಸ್ಬುಟ್ಟ. ನಾಡಿದ್ದು ಬೋರಪ್ಪನ ಮಗಳದ್ದೈತೆ. ನೀನು ನಮ್ ಮುಂದೆ ನಿಂತು ಸರ್ಯಾದ ಟೈಮ್‌ಗೆ ಕೈ ಎತ್ತು ಸಾಕು.”

“ಬರೀ ಕೈಯೇನ್ಲಾ?”

“ಬರೀ ಕೈ, ಅಣ್ಣ.”

ಕುರಿ ಸಾಕುವ ಬೋರಪ್ಪನ ಮದುವೆಗೂ, ಅವನ ಇಬ್ಬರು ಹಿರಿ ಹೆಣ್ಣುಮಕ್ಕಳ ಮದುವೆಗೂ ಊದಿದವನು ದೇವರಾಜು. ಈ ಕೊನೆಯವಳಾದ ಯಶೋದೆಗೆ ಮಾತ್ರ ಅವನು ಬೇಡವಾಗಿದ್ದ. ದೇವರಾಜು ಒಪ್ಪಿದ. ಕೈ ಎತ್ತಬಾರದೆಂದು ಅಲ್ಲೇ ನಿಶ್ಚಯಿಸಿದ. ಇಡೀ ಛತ್ರದೆದುರು ಆ ನಾಲ್ವರು ಕಲ್ಲುಗಳಂತೆ ನಿಲ್ಲಬೇಕು.

ಮದುವೆಗೆ ಹೋಗುವಾಗ ನಾದಸ್ವರ ಬಿಟ್ಟುಹೋಗಲು ಮನಸ್ಸಾಗಲಿಲ್ಲ. ಕಂಕುಳಲ್ಲಿಟ್ಟುಕೊಂಡೇ ಹೋದ.

ಪುರೋಹಿತರು ‘ಗಟ್ಟಿಮೇಳ’ ಎಂದರು. ಗಂಡಿನ ಕೈ ಯಶೋದೆಯ ಕೊರಳಿಗೆ ಹೋಯಿತು. ದೇವರಾಜುವಿನ ಕೈ ತೊಡೆಯ ಪಕ್ಕದಲ್ಲಿ ನೇತುಬಿದ್ದಿತ್ತು. ಹುಡುಗರು ಅದನ್ನೇ ನೋಡುತ್ತಿದ್ದರು. ಒಂದು ಉಸಿರಿನಷ್ಟು ಮೌನ. ಆಗ ಅಡುಗೆಯ ಕಡೆ ಪಾತ್ರೆಯೊಂದು ಜಾರಿ ಬಿತ್ತು. “ಅಯ್ಯೋ ನಿನ್ ಮನೆ ಹಾ...” ಎಂದು ಯಾರೋ ಬಾಯಿ ತೆಗೆದರು. ಯಶೋದೆ ಬೆಚ್ಚಿ ಕತ್ತೆತ್ತಿದಳು.

ಆ ಮಾತು ಮುಗಿಯಲಿಲ್ಲ. ನಾದಸ್ವರ ಯಾವಾಗ ತುಟಿಗೆ ಬಂತೋ ದೇವರಾಜುವಿಗೇ ತಿಳಿಯಲಿಲ್ಲ. ಅವಳ ಅಕ್ಕಂದಿರಿಗೆ ಊದಿದ್ದಕ್ಕಿಂತ ಜೋರಾಗಿ ಊದಿದ. ಎರಡೂ ಕೈಗಳು ವಾದ್ಯದ ಮೇಲಿದ್ದವು. ಎರಡನೆಯ ಗಂಟಿಗೆ ಒಂದು ಕೈ ಬಿಡಿಸಿ ಎತ್ತಬಹುದಿತ್ತು. ಎತ್ತಲಿಲ್ಲ. ಮೂರನೆಯದಕ್ಕೂ ಎತ್ತಲಿಲ್ಲ.

“ಕರ್ಸಿದ್ದು ಅವ್ರನ್ನ, ಊದಿದ್ದು ನೀನಾ?” ಎಂದ ಬೋರಪ್ಪ, ಅಕ್ಷತೆ ಒರೆಸಿಕೊಳ್ಳುತ್ತ.

“ಹೆಣ್ಣಿನ ಕಿವೀಗೆ ಏನೂ ಬೀಳ್ಲಿಲ್ಲ ತಾನೆ? ಬುಡು.”

ಎಷ್ಟೋ ತಿಂಗಳ ಮೇಲೆ ಆವತ್ತು ಅವನಿಗೆ ಊಟ ರುಚಿಸಿತು. ಮೂರನೆಯ ದಿನ ಲಕ್ಷ್ಮೀದೇವಿ ಫೋನು ತಂದು ಹಿಡಿದಳು. ‘ಹಿರಿಯ ಕಲಾವಿದರ ಮುಂದೆ ಮೌನವಾಗಿ ತಲೆಬಾಗಿದ ಕರಿಬಂಡೆ’ ಎಂಬ ವಿಡಿಯೋ. ಅವನ ಕೈಯನ್ನೇ ಕಾಯುತ್ತ ಕೆಳಗೆ ನೋಡುತ್ತಿದ್ದ ನಾಲ್ವರು, ಭಕ್ತಿಯಿಂದ ನಿಂತವರಂತೆ ಕಾಣುತ್ತಿದ್ದರು. ಎಂಥ ವಿನಯ, ಎಂಥ ಸಂಸ್ಕಾರ ಎಂದು ಊರೆಲ್ಲ ಕಣ್ಣೀರು ಹಾಕಿ ಬರೆದಿತ್ತು. ಹಿರಿಯ ಕಲಾವಿದನ ಬಲಗಿವಿ ಮಾತ್ರ ಅಂಚಿನಲ್ಲಿ ಕಾಣುತ್ತಿತ್ತು.

ಸಂಜೆ ನಾಲ್ವರೂ ಬಂದರು. ಅನಿಲನ ಕೈಯಲ್ಲಿ ಸೇಬಿನ ಚೀಲವಿತ್ತು.

“ಅಣ್ಣ, ತುಮಕೂರಿಂದ, ಬೆಂಗ್ಳೂರಿಂದ ಫೋನು. ಎಲ್ಲಾರ್ಗೂ ಅದೇ ಬೇಕಂತೆ. ನೀನು ಊದು, ನಾವು ಸುಮ್ನೆ ನಿಂತ್ಕೊಂತೀವಿ.”

“ಒಪ್ಕೊಳಯ್ಯ, ಮನೆಬಾಗ್ಲಿಗೆ ಬಂದವ್ರೆ,” ಎಂದಳು ಲಕ್ಷ್ಮೀದೇವಿ.

ದೇವರಾಜು ಆ ನಾಲ್ಕು ಎಳೆಯ ಮುಖಗಳನ್ನು ನೋಡಿದ. ಸುಮ್ಮನೆ ನಿಂತೂ ಹೆಸರಾಗುವ ಮುಖಗಳು.

“ಕ್ಯಾಮೆರಾ ಮುಂದೆ ಯಾರ್ಲಾ ನಿಂತ್ಕೊಳ್ಳೋದು?” ಎಂದು ಕೇಳಿದ.