ನಿಂಬೆ ಗಿಡಕ್ಕೊಂದು ದೊಗಳೆ ಅಂಗಿ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಹಿತ್ತಲಿನಲ್ಲಿ ಬಿಳಿ ಬಟ್ಟೆ ಹೊದ್ದ ಆಕೃತಿಗಳು ಸಾಲಾಗಿ ನಿಂತಿವೆ. ಕೆಲವು ಕುಳ್ಳ, ಕೆಲವು ದಪ್ಪ, ಗೋಡೆ ಪಕ್ಕದ್ದು ಮಾತ್ರ ಆಳೆತ್ತರ. ಗೊತ್ತಿಲ್ಲದವರು ಈ ಹೊತ್ತಿನಲ್ಲಿ ಗೋಡೆಯ ಮೇಲಿಂದ ಇಣುಕಿದರೆ ಎದೆ ಧಸಕ್ಕೆನ್ನುವುದು ಖಂಡಿತ. ಅವುಗಳ ನಡುವೆ ಒಬ್ಬರು ಓಡಾಡುತ್ತಿದ್ದಾರೆ. ಕತ್ತಿಗೆ ಮಫ್ಲರ್, ಅದರ ಮೇಲೆ ಅಳತೆಯ ಟೇಪು. ಬಟ್ಟೆಯ ಅಂಚಿನಡಿ ಕೈ ತೂರಿಸಿ, ಮಣ್ಣಿಗೆ ಬೆರಳು ಚುಚ್ಚಿ ನೋಡುತ್ತಾರೆ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದಿನ ಕುಂಡಕ್ಕೆ ಹೋಗುತ್ತಾರೆ. ನೀರಿನ ಕ್ಯಾನು ಪಕ್ಕದಲ್ಲೇ ಇದೆ, ಅದನ್ನು ಮುಟ್ಟುವುದಿಲ್ಲ.

"ಬೇಸಿಗೇಲಾದ್ರೆ ಇಷ್ಟೊತ್ತಿಗೆ ನೀರು ಹಾಕಿ ಮುಗಿಸಿರ್ತೀನಿ. ಚಳಿಗಾಲದಲ್ಲಿ ಕೈ ಕಟ್ಕೊಂಡು ನಿಲ್ಲೋದೇ ದೊಡ್ಡ ಕೆಲಸ. ಈಗ ಹಾಕಿದ್ರೆ ಬೇರಿಗೆ ಐಸ್ ಇಟ್ಟ ಹಾಗೆ. ಬಿಸಿಲು ಬರ್ಲಿ."

ಬೀದಿಯ ಮಕ್ಕಳು ಇವರನ್ನು ಕರೆಯುವುದು ಕಂಬಳಿ ಮಾಮ ಎಂದು. ನಿಜ ಹೇಳಬೇಕೆಂದರೆ ಇಲ್ಲಿ ಕಂಬಳಿಯ ಒಂದೆಳೆಯೂ ಇಲ್ಲ. ಗಿಡಗಳು ತೊಟ್ಟಿರುವುದೆಲ್ಲ ಆಸ್ಪತ್ರೆಯ ಹಳೇ ಬೆಡ್‌ಶೀಟು. ಮಾಮ ಈ ಬೆಟ್ಟದೂರಿನ ದೊಡ್ಡಾಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ದರ್ಜಿ. ಒಗೆದೂ ಒಗೆದೂ ನಡು ಸವೆದ ಶೀಟುಗಳು ಅಲ್ಲಿ ನೆಲ ಒರೆಸಲು ಹೋಗುತ್ತವೆ. ಸ್ಟೋರಿನವರನ್ನು ಕೇಳಿ ಅದರಲ್ಲಿ ಒಂದಷ್ಟನ್ನು ಮಾಮ ಮನೆಗೆ ತರುತ್ತಾರೆ. ಮೂಲೆಯಲ್ಲಿ ವಾರ್ಡಿನ ಮುದ್ರೆ ಹಾಗೇ ಉಳಿದಿರುತ್ತದೆ. ಹೀಗಾಗಿ ಈ ಹಿತ್ತಲಿನ ಟೊಮೆಟೊ ಮೂಳೆ ವಾರ್ಡಿನದು, ಗುಲಾಬಿ ಹೆರಿಗೆ ವಾರ್ಡಿನದು. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ "ಪೇಷಂಟ್‌ಗಳೆಲ್ಲ ಹೇಗಿದ್ದಾರೆ?" ಎಂದು ಕೇಳದ ಬೆಳಗಿಲ್ಲ.

ಆಳೆತ್ತರದ ಆಕೃತಿಯ ಒಳಗಿರುವುದು ನಿಂಬೆ ಗಿಡ. ಅದರ ಸಲುವಾಗಿಯೇ ನಾನು ಈ ಚಳಿಯಲ್ಲಿ, ಹಾಸಿಗೆ ಬಿಟ್ಟು, ಹಲ್ಲು ಕಟಕಟ ಎನ್ನಿಸುತ್ತ ನಿಂತಿದ್ದೇನೆ. ಅದು ಮಾಮನ ಗಿಡವಲ್ಲ, ಅವರ ಅಕ್ಕನದು. ಅಕ್ಕ ನಿಂಬೆ ಹಿಂಡಿ ಎಸೆಯಬೇಕಾಗಿದ್ದ ಬೀಜವನ್ನು ಹಳೇ ಡಬ್ಬಿಯಲ್ಲಿ ಊರಿ, ಮೊಳಕೆಯಿಂದ ಬೆಳೆಸಿದ ಗಿಡ. ವರ್ಷಗಟ್ಟಲೆ ಬೆಳೆಯಿತೇ ಹೊರತು ಒಂದು ಹೂವನ್ನೂ ಬಿಡಲಿಲ್ಲ. ಆಮೇಲೆ ಅಕ್ಕ ಮಗಳ ಫ್ಲಾಟಿಗೆ ಹೋದರು. ಅಲ್ಲಿ ಕಿಟಕಿಗೆ ಬಿಸಿಲೇ ಬೀಳುವುದಿಲ್ಲ. "ಒಂದು ಹಣ್ಣಾದರೂ ಕೈಯಲ್ಲಿ ಹಿಡಿದು ನೋಡ್ಬೇಕು ಕಣೋ, ನೋಡ್ಕೋ" ಎಂದು ಗಿಡವನ್ನು ತಮ್ಮನಿಗೆ ಒಪ್ಪಿಸಿದರು. ಈಗ ಅದು ಅರ್ಧ ಡ್ರಮ್ಮಿನಲ್ಲಿ ಹರಡಿಕೊಂಡಿದೆ. ಒಳಗಿಡೋಣವೆಂದರೆ ಬಾಗಿಲಲ್ಲಿ ಹಿಡಿಸುವುದಿಲ್ಲ. ಈ ವರ್ಷ, ಕೊನೆಗೂ, ಮೂರೇ ಮೂರು ಕಾಯಿ ಬಿಟ್ಟಿದೆ. ಭಾನುವಾರ ಅಕ್ಕ ನೋಡಲು ಬರುತ್ತಿದ್ದಾರೆ. ಇಂದು ಶನಿವಾರ. ಈ ರಾತ್ರಿ ವರ್ಷದಲ್ಲೇ ಹೆಚ್ಚು ಚಳಿ ಎಂದು ರೇಡಿಯೊ ಹೇಳಿದೆ.

"ಚಳಿ ಬೇಡ ಅಂತಲ್ಲ. ಚಳಿ ತಗುಲಿದ್ರೇನೇ ಕಾಯಿ ಹಳದಿಯಾಗೋದು. ಆದ್ರೆ ಮೈ ಮೇಲೆ ಕೂತ್ರೆ ಮುಗೀತು. ಒಂದೇ ರಾತ್ರಿ ಸಾಕು," ಎನ್ನುತ್ತಾರೆ ಮಾಮ. ಅವರು ಸಾಮಾನ್ಯವಾಗಿ ನಗುತ್ತಲೇ ಮಾತಾಡುವವರು. ಇದನ್ನು ನಗದೆ ಹೇಳಿದರು.

ಬಿಸಿಲು ಎದುರುಮನೆಯ ನೀರಿನ ಟ್ಯಾಂಕು ದಾಟಿ ಹಿತ್ತಲಿಗೆ ಇಳಿಯುವ ಹೊತ್ತಿಗೂ ಮಾಮ ಕೆಲಸಕ್ಕೆ ಹೊರಡುವ ಹೊತ್ತಿಗೂ ಚಳಿಗಾಲದುದ್ದಕ್ಕೂ ಪೈಪೋಟಿ. ಬಿಸಿಲಿಗೆ ಮೊದಲೇ ಬಟ್ಟೆ ತೆಗೆಯುವಂತಿಲ್ಲ, ತೆಗೆಯದೆ ಹೋದರೆ ಒಳಗೆಲ್ಲ ಬೆವರಿ ಎಲೆ ಹಾಳು. ಮೋಡ ಕವಿದ ದಿನ ಈ ಜವಾಬ್ದಾರಿ ಅವರ ಹೆಂಡತಿ ಮಾಮಿಯದು. "ಅವರು ಆಸ್ಪತ್ರೆಯಿಂದ ಫೋನ್ ಮಾಡಿ ಊಟ ಆಯ್ತಾ ಅಂತ ಕೇಳಿದ್ದು ನಾನು ಕಂಡಿಲ್ಲ. ಬಟ್ಟೆ ತೆಗೆದ್ಯಾ ಅಂತ ಕೇಳ್ತಾರೆ," ಎಂದು ಮಾಮಿ ನನ್ನ ಕೈಗೆ ಬಿಸಿ ಲೋಟ ಕೊಡುತ್ತಾರೆ. "ನನ್ನ ಸ್ವೆಟರಿನ ಗುಂಡಿ ಬಿದ್ದು ಎಷ್ಟು ದಿನ ಆಯ್ತು ಕೇಳಿ. ಗುಲಾಬಿಗೆ ಮಾತ್ರ ಕೇಳಿದ ದಿನವೇ ಅಂಗಿ ರೆಡಿ."

"ಗುಲಾಬಿ ಕೇಳೋದಿಲ್ವಲ್ಲ, ಅದಕ್ಕೇ," ಎಂದು ಮಾಮ ಬೈಕ್ ಸ್ಟಾರ್ಟ್ ಮಾಡುತ್ತಾರೆ.

ಬಟ್ಟೆ ಕೋಣೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿದೆ. ಒಂದು ಕಡೆ ಬಾಯ್ಲರಿನ ಗುಂಯ್ ಸದ್ದು, ಇನ್ನೊಂದು ಕಡೆ ಸೋಪಿನ ವಾಸನೆ, ನಡುವೆ ಮಾಮನ ಹೊಲಿಗೆ ಯಂತ್ರ. ಹರಿದ ಶೀಟಿನ ಅಂಚು, ದಿಂಬಿನ ಗವಸು, ಆಪರೇಷನ್ ಗೌನಿನ ಕಿತ್ತುಹೋದ ಲಾಡಿ, ಎಲ್ಲವೂ ಈ ಮೇಜಿಗೇ ಬರಬೇಕು. ಮೇಲಿನ ಮಹಡಿಗಳಲ್ಲಿ ಮಲಗಿರುವ ಅಷ್ಟೂ ಮಂದಿ ಇವರ ಹೊಲಿಗೆಯ ಮೇಲೆ ಮಲಗಿದ್ದಾರೆ. ಒಬ್ಬರಿಗೂ ಇವರ ಮುಖ ಗೊತ್ತಿಲ್ಲ. ಬೇಸರವಿಲ್ಲವೇ ಎಂದು ಕೇಳಿದೆ. ಇಂಥ ಪ್ರಶ್ನೆ ಕೇಳುವುದು ನಮ್ಮ ಪತ್ರಿಕೆಯವರ ಚಟ.

"ಹೊಲಿಗೆ ಚುಚ್ಚಿದಾಗಲೇ ಅಲ್ವಾ ಜನಕ್ಕೆ ದರ್ಜಿ ನೆನಪಾಗೋದು? ಯಾರೂ ನೆನೆಸ್ಕೊಂಡಿಲ್ಲ ಅಂದ್ರೆ ಎಲ್ಲಾರೂ ಚೆನ್ನಾಗಿ ನಿದ್ದೆ ಮಾಡ್ತಿದ್ದಾರೆ ಅಂತ."

ಹೊಲಿಗೆ ಕಲಿಸಿದ್ದು ಅಕ್ಕನೇ. ಮನೆಯ ಮುಂದಿನ ಕೋಣೆಯಲ್ಲಿ ಅಕ್ಕ ಬೀದಿಯವರ ಬಟ್ಟೆ ಹೊಲಿಯುತ್ತಿದ್ದರು, ತಮ್ಮ ಸ್ಟೂಲಿನ ಮೇಲೆ ಕೂತು ಕಲಿಯುತ್ತಿದ್ದ. ಹೊಲಿದದ್ದನ್ನು ಅಕ್ಕ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಬೆರಳಗಲ ಸಡಿಲ ಕಂಡರೂ "ಬಿಚ್ಚು" ಎಂದು ಮಡಿಲಿಗೆ ಎಸೆಯುತ್ತಿದ್ದರು. ಮೈಗೆ ಕಚ್ಚಿ ಕೂರಬೇಕು, ಅದೇ ಹೊಲಿಗೆ, ಉಳಿದದ್ದು ಗೋಣಿಚೀಲ ಎಂಬುದು ಅಕ್ಕನ ಮತ. ಮಾಮನ ಕೂದಲು ನೆರೆತರೂ ಅಕ್ಕ ಈವರೆಗೆ ತಮ್ಮನ ಕೈಯಲ್ಲಿ ಒಂದೇ ಒಂದು ಬಟ್ಟೆ ಹೊಲಿಸಿಕೊಂಡಿಲ್ಲ.

ಈ ಪಾಠವೇ ಹೋದ ಚಳಿಗಾಲ ಎಡವಟ್ಟು ಮಾಡಿತು. ನಿಂಬೆಗೆ ಅಂಗಿ ಹೊಲಿಯಲು ಹೊರಟ ಮಾಮ ಟೇಪು ಹಿಡಿದು ಕೊಂಬೆ ಕೊಂಬೆಯ ಅಳತೆ ತೆಗೆದರು. ಎಲ್ಲೂ ಸುಕ್ಕಿಲ್ಲದ, ಅಚ್ಚುಕಟ್ಟಾದ ಅಂಗಿ, ಕಾಂಡಕ್ಕೆ ಬಿಗಿಯಾಗಿ ಒಂದು ಲಾಡಿ. ಬೀದಿಯವರೆಲ್ಲ ಬಂದು ಭೇಷ್ ಎಂದು ಹೋದರು. ಮಾಮಿ ಒಬ್ಬರೇ "ಗಿಡಕ್ಕೆ ಸೊಂಟ ಎಲ್ಲಿದೆ ಅಂತ ಲಾಡಿ ಹಾಕಿದ್ರಿ?" ಎಂದದ್ದು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಂಜು ಗಟ್ಟಿಯಾಗಿ ಕೂತ ಒಂದು ಬೆಳಿಗ್ಗೆ ಬಟ್ಟೆ ತೆಗೆದರೆ ಗಿಡ ಕಪ್ಪಗಾಗಿದೆ.

"ಬಟ್ಟೆ ಎಲ್ಲೆಲ್ಲಿ ಎಲೆಗೆ ತಾಗಿತ್ತೋ ಅಲ್ಲೆಲ್ಲ ಸುಟ್ಟು ಹೋಗಿತ್ತು. ಫಿಟಿಂಗ್ ಅಷ್ಟು ಚೆನ್ನಾಗಿತ್ತಲ್ಲ, ತಾಗದೇ ಇರೋ ಎಲೆನೇ ಇರ್ಲಿಲ್ಲ," ಎನ್ನುತ್ತಾರೆ ಮಾಮ. "ಮಣ್ಣು ಹಗಲು ಕುಡಿದ ಬಿಸಿಲನ್ನ ರಾತ್ರಿ ಮೇಲಕ್ಕೆ ಬಿಡುತ್ತೆ. ನಾನು ಲಾಡಿ ಬಿಗಿದು ಅದನ್ನೂ ಹೊರಗೇ ನಿಲ್ಲಿಸಿದ್ದೆ. ಅಕ್ಕನ ಫೋನ್ ಬಂತು. ಎಲೆ ಸ್ವಲ್ಪ ಉದುರಿದೆ ಅಂದೆ. ಒಂದೆಲೆ ಉಳಿದಿರ್ಲಿಲ್ಲ."

ಮೂರು ತಿಂಗಳು ಬೋಳು ಕೊಂಬೆಯನ್ನು ಉಗುರಿನಿಂದ ಕೆರೆದು, ಒಳಗೆ ಹಸಿರು ಕಂಡು, ಸಮಾಧಾನ ಮಾಡಿಕೊಂಡು ಕೆಲಸಕ್ಕೆ ಹೋಗುತ್ತಿದ್ದರಂತೆ. ಬೇಸಿಗೆಗೆ ಗಿಡ ಚಿಗುರಿತು. ಯಾಕೋ ಏನೋ, ಹೂವನ್ನೂ ಬಿಟ್ಟಿತು. ಈ ಸಲದ ಅಂಗಿ ಬೇರೆ ಥರ. ಡ್ರಮ್ಮಿನ ಸುತ್ತ ನಾಲ್ಕು ಕೋಲು ನೆಟ್ಟು, ಅದರ ಮೇಲಿಂದ ನೆಲ ಮುಟ್ಟುವ ತನಕ ಇಳಿಬಿಟ್ಟ ಭಾರೀ ದೊಗಳೆ ಅಂಗಿ. ಒಂದೆಲೆಗೂ ತಾಗುವುದಿಲ್ಲ. ಜೀವಮಾನದ ಅಭ್ಯಾಸ ಬಿಟ್ಟು ಸಡಿಲವಾಗಿ ಹೊಲಿಯಲು ಕೈ ಒಪ್ಪಲಿಲ್ಲವಂತೆ, ಎರಡು ಸಲ ತಾವೇ ಬಿಚ್ಚಿ ಅಗಲ ಮಾಡಿದರಂತೆ.

ಶನಿವಾರ ಸಂಜೆ ಸೂರ್ಯ ಇರುವಾಗಲೇ ಗಿಡಗಳಿಗೆಲ್ಲ ಅಂಗಿ ತೊಡಿಸಿಯಾಯಿತು. ನಿಂಬೆಗೆ ಮಾತ್ರ ಎರಡು ಪದರ. ಮಾಮಿ ಬಿಸಿನೀರು ತುಂಬಿದ ಕ್ಯಾನುಗಳನ್ನು ಅಡುಗೆಮನೆಯಿಂದ ದಾಟಿಸಿದರು, ನಾನು ಹಿಡಿದುಕೊಂಡೆ, ಮಾಮ ಅಂಗಿಯ ಘೇರಿನಡಿ ಒಂದೊಂದಾಗಿ ಇಟ್ಟರು. ಆಮೇಲೆ ಮಾಡುವುದು ಏನೂ ಉಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ತೊಟ್ಟಿಯ ನೀರಿನ ಮೇಲೆ ಗಾಜಿನ ಹಾಗೆ ಮಂಜುಗಡ್ಡೆಯ ಪದರ ಕಟ್ಟಿದೆ. ಮಾಮಿ ಅದನ್ನು ಉಗುರಿನಿಂದ ಒಡೆದು ಒಳಗೆ ಹೋಗುತ್ತಾರೆ. ಬಿಸಿಲಿಗಿಂತ ಮೊದಲೇ ಅಕ್ಕ ಬಂದಿದ್ದಾರೆ. ಗಿಡ್ಡ ದೇಹ, ಕೈಯಲ್ಲಿ ಕೋಲು. ಚಳಿಗೆ ತೋಳಿನ ಕೀಲು ಊದಿ, ಸ್ವೆಟರಿನ ಒಂದು ತೋಳನ್ನು ಹಾಕಿಕೊಂಡು ಇನ್ನೊಂದನ್ನು ಹೆಗಲ ಮೇಲೆ ಬಿಟ್ಟುಕೊಂಡಿದ್ದಾರೆ.

"ಎಲ್ಲೋ ನನ್ನ ಗಿಡ?"

"ಇದರೊಳಗಿದೆ ಅಕ್ಕ."

"ತೆಗಿ, ನೋಡ್ತೀನಿ."

"ಬಿಸಿಲು ಬರ್ಲಿ."

ಬಿಸಿಲು ಟ್ಯಾಂಕಿನ ನೆತ್ತಿಯ ಮೇಲಿದೆ. ಸುಮ್ಮನೆ ನಿಲ್ಲುವುದು ಅಕ್ಕನ ಜಾಯಮಾನವಲ್ಲ. ಅಂಗಿಯ ಅಂಚನ್ನು ಎತ್ತಿ, ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸುತ್ತಾರೆ. "ಯಾರು ಹೊಲ್ದಿದ್ದು ಇದನ್ನ? ನಿನಗೆ ನಾನು ಹೀಗಾ ಹೇಳ್ಕೊಟ್ಟಿದ್ದು? ಇದರಲ್ಲಿ ಇನ್ನೊಂದು ಗಿಡ ಹಿಡಿಸುತ್ತೆ."

"ನೀನು ಹೇಳ್ಕೊಟ್ಟ ಹಾಗೆ ಹೋದ ವರ್ಷ ಹೊಲ್ದಿದ್ದೆ ಅಕ್ಕ. ಎಲೆ ಎಲ್ಲಾ ಸುಟ್ಟೋಯ್ತು."

"ಸ್ವಲ್ಪ ಅಂದಿದ್ಯಲ್ಲೋ."

"ಎಲ್ಲಾ ಹೋಗಿತ್ತು. ಹೇಳೋಕೆ ಬಾಯಿ ಬರ್ಲಿಲ್ಲ."

ಅಕ್ಕ ತಮ್ಮನನ್ನು ನೋಡುತ್ತಾರೆ. ಮಾಮ ನೆಲ ನೋಡುತ್ತಾರೆ. ಅರವತ್ತು ಹತ್ತಿರವಾದ ಮನುಷ್ಯ ಸ್ಟೂಲಿನ ಮೇಲೆ ಕೂತ ಹುಡುಗನ ಹಾಗೆ ಕಾಣುತ್ತಾರೆ, ನನಗೆ ಪಾಪ ಅನ್ನಿಸುತ್ತದೆ. ಬಿಸಿಲು ಗೋಡೆ ಇಳಿದು, ಡ್ರಮ್ಮಿನ ಬುಡಕ್ಕೆ ಬಂದು ತಲುಪುತ್ತದೆ.

ಮಾಮ ಮೇಲಿನ ಪದರ ತೆಗೆಯುತ್ತಾರೆ. ಆಮೇಲೆ ಒಳಗಿನದು. ತುದಿಯ ಒಂದೆರಡು ಚಿಗುರು ಕಂದಿವೆ, ಅಷ್ಟೇ. ಉಳಿದ ಗಿಡ ಹಸಿರಾಗಿ ನಿಂತಿದೆ. ಎಲೆಗಳ ನಡುವೆ ಮೂರು ನಿಂಬೆಹಣ್ಣು, ಮೂರೂ ಹಳದಿ. ಅಕ್ಕ ಕೋಲನ್ನು ಮಾಮಿಯ ಕೈಗೆ ಕೊಟ್ಟು, ಹತ್ತಿರ ಹೋಗಿ, ಒಂದು ಹಣ್ಣನ್ನು ಗಿಡದಲ್ಲೇ ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನಿಲ್ಲುತ್ತಾರೆ. ಕೀಳು ಎಂದರೆ ಕೀಳುವುದಿಲ್ಲ. "ಇರ್ಲಿ. ಬೆಚ್ಚಗಿದೆ," ಎನ್ನುತ್ತಾರೆ.

ಮಾಮ ಅಂಗಿ ಮಡಚತೊಡಗುತ್ತಾರೆ. ಅಕ್ಕ ಅದನ್ನು ಅವರ ಕೈಯಿಂದ ಎಳೆದುಕೊಂಡು ಹಿಂದಿನಂತೆ ಬೆಳಕಿಗೆ ಹಿಡಿಯುತ್ತಾರೆ. ಮಾಮಿ ನನ್ನ ಕಡೆ ನೋಡಿ ಹುಬ್ಬೇರಿಸುತ್ತಾರೆ, ಬಂತು ನೋಡಿ ಈಗ ಎನ್ನುವಂತೆ.

"ಟೇಪು ತಗೋ," ಎನ್ನುತ್ತಾರೆ ಅಕ್ಕ. "ನಂಗೂ ಒಂದು ಹೊಲ್ಕೊಡು. ತೋಳು ಎತ್ತಿದ್ರೆ ಹಿಡೀಬಾರ್ದು."

"ಎಷ್ಟು ದೊಗಳೆ ಇಡ್ಲಿ ಅಕ್ಕ?"

"ಇದಕ್ಕೆ ಇಟ್ಟಿದ್ಯಲ್ಲ, ಅಷ್ಟೇ ಇಡು."

ನಾನು ಹೊರಡುವಾಗ ಮಾಮ ಗೇಟಿನ ತನಕ ಬರುತ್ತಾರೆ. ಟೇಪಿನ ಮೇಲೆ ಅಕ್ಕನ ಅಳತೆಯ ಜಾಗಕ್ಕೆ ಹೆಬ್ಬೆರಳು ಒತ್ತಿ ಹಿಡಿದೇ ಇದ್ದಾರೆ, ಬಿಟ್ಟರೆ ಮರೆತುಹೋಗುತ್ತದೆ ಎನ್ನುವ ಹಾಗೆ. ಏನಾದರೂ ಹೇಳುವುದಿದೆಯೇ ಎಂದು ಕೇಳಿದೆ.

"ಆಸ್ಪತ್ರೆ ವಿಷಯ ಬಿಟ್ರೂ ಪರವಾಗಿಲ್ಲ, ಗಿಡದ್ದು ಬಿಟ್ರೂ ಪರವಾಗಿಲ್ಲ," ಎಂದರು. "ನಮ್ಮಕ್ಕ ನನ್ನ ಹತ್ರ ಬಟ್ಟೆ ಹೊಲಿಯೋಕೆ ಕೊಟ್ಟಿದ್ದಾಳೆ ಅಂತ ಒಂದು ಮಾತು ಬರೀರಿ."